ಹಗ್ಗ ಹಿಡಿದವನು

ಮಂತ್ರಿಗಳು ಆ ಮಾತನ್ನು ಮೊದಲ ಸಲ ಹೇಳಿದ್ದು ಸಂತಾಪ ಸಭೆಯಲ್ಲಿ. "ಎಲ್ಲರೂ ಹಿಂದೆ ಸರಿದಾಗ, ಒಂದು ಕ್ಷಣವೂ ತಡಮಾಡದೆ, ಒಬ್ಬನೇ ಮುಂದೆ ನಡೆದ ಧೀರ!" ಅಂದರು. ಸಭಾಂಗಣದ ತುಂಬ ಚಪ್ಪಾಳೆ. ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟುತ್ತಾರೆಯೇ ಎಂದು ಯಾರಿಗೂ ಹೊಳೆಯಲಿಲ್ಲ. ತಟ್ಟಿಸಿಕೊಳ್ಳುವುದಕ್ಕೆಂದೇ ಹುಟ್ಟಿದ ಹಾಗಿತ್ತು ಆ ಸಾಲು. ನನ್ನ ಪಕ್ಕದಲ್ಲಿ ಕೂತಿದ್ದ ತಮ್ಮ ಮಾತ್ರ ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಿದ್ದ. ಎರಡೂ ಅಂಗೈಗೆ ಬಿಳಿ ಪಟ್ಟಿ ಸುತ್ತಿತ್ತು. ಹಗ್ಗ ಎಳೆದೆಳೆದು ಅಂಗೈಯ ಚರ್ಮ ಕಿತ್ತುಹೋಗಿತ್ತು.

ಸತ್ತವನ ದಾಖಲೆಯ ಹೆಸರು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಎಲ್ಲರಿಗೂ ಅವನು ತಡಿಯಪ್ಪ. ಯಾರು ಏನು ಅವಸರಪಡಿಸಿದರೂ "ತಡಿಯಪ್ಪಾ, ತಡಿ" ಅನ್ನುತ್ತಿದ್ದುದರಿಂದ ಆ ಹೆಸರೇ ನಿಂತುಬಿಟ್ಟಿತು. ವಾಲ್ವು ತಿರುಗಿಸುವ ಮುಂಚೆ ಒಮ್ಮೆ ನೋಡುವನು, ತಿರುಗಿಸಿ ಒಮ್ಮೆ ನೋಡುವನು, ಮನೆಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಹೋಗಿ ಇನ್ನೊಮ್ಮೆ ನೋಡಿ ಬರುವನು. ಊರಿಗೆ ನೀರು ಕೊಡುವ ಪಂಪ್‌ಹೌಸಿನಲ್ಲಿ ಅವನೂ ನನ್ನ ತಮ್ಮನೂ ಒಂದೇ ಪಾಳಿಯಲ್ಲಿ ದುಡಿದು ತಲೆ ನರೆಸಿಕೊಂಡವರು. ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ನಾನು ಅವನ ಜೊತೆ ಇರಲು ಬಂದೆ. ಬಂದ ದಿನದಿಂದ ನೋಡಿದ್ದೇನೆ, ಎರಡು ಮನೆಗೂ ಹಿತ್ತಿಲು ಒಂದೇ, ಬಟ್ಟೆ ಹರವುವ ತಂತಿ ಒಂದೇ, ಜಗಳವಾಡಿದರೂ ಎರಡು ಮನೆಗೂ ಸೇರಿ ಒಂದೇ ಜಗಳ.

ಆ ದಿನ ಆದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಯಾಕೆಂದರೆ ಆಮೇಲೆ ಯಾರೂ ಇದ್ದ ಹಾಗೆ ಹೇಳಲಿಲ್ಲ.

ಪಂಪ್‌ಹೌಸಿನ ಮೂಲೆಯಲ್ಲಿ ಕ್ಲೋರಿನ್ ಕೋಣೆ ಎಂದೊಂದಿದೆ. ನೀರನ್ನು ಶುದ್ಧಮಾಡುವ ಅನಿಲ ಅಲ್ಲಿ ಆಳೆತ್ತರದ ಸಿಲಿಂಡರುಗಳಲ್ಲಿ ಇರುತ್ತದೆ. ನೀರಿನಲ್ಲಿ ಹದವಾಗಿ ಬೆರೆತರೆ ಊರಿಗೆ ಆರೋಗ್ಯ. ಗಾಳಿಯಲ್ಲಿ ಬೆರೆತರೆ ಎದುರಿಗಿದ್ದವನ ಶ್ವಾಸಕೋಶ ಸುಟ್ಟುಹೋಗುತ್ತದೆ. ಸೋರಿಕೆಯಾದರೆ ಯಾರಾದರೂ ಒಳಗೆ ಹೋಗಿ ವಾಲ್ವು ಮುಚ್ಚಲೇಬೇಕು. ಅದಕ್ಕೊಂದು ಕ್ರಮವಿದೆ. ಒಬ್ಬ ಮಾಸ್ಕ್ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗೆ ಹೋಗುತ್ತಾನೆ. ಇನ್ನೊಬ್ಬ ಬಾಗಿಲ ಹೊರಗೆ, ಗಾಳಿಗೆ ಬೆನ್ನು ಕೊಟ್ಟು, ಹಗ್ಗದ ತುದಿ ಹಿಡಿದು ನಿಲ್ಲುತ್ತಾನೆ. ಹೊರಗಿನವನು ಆಗಾಗ ಹಗ್ಗ ಜಗ್ಗಬೇಕು, ಒಳಗಿನವನು ತಿರುಗಿ ಜಗ್ಗಬೇಕು. ತಿರುಗಿ ಜಗ್ಗದಿದ್ದರೆ ಎಳೆಯಬೇಕು. ಒಳಗಿನಿಂದ ಏನೇ ಕೇಳಿಸಲಿ, ಹೊರಗಿನಿಂದ ಯಾರೇ ಬೈಯಲಿ, ಹಗ್ಗ ಹಿಡಿದವನು ಹೊಸ್ತಿಲು ದಾಟಬಾರದು. ದಾಟಿದರೆ ಇಬ್ಬರೂ ಒಳಗೆ, ಎಳೆಯಲು ಹೊರಗೆ ಯಾರೂ ಇಲ್ಲ. ನನ್ನ ತಮ್ಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ತಲೆಗೆ ತುಂಬಿದವನು ತಡಿಯಪ್ಪನೇ.

ಆವತ್ತು ಒಳಗೆ ಹೋಗುವ ಸರದಿ ತಡಿಯಪ್ಪನದು. ಮಾಸ್ಕಿನ ಮೂತಿಗೆ ಗಾಳಿ ಸೋಸುವ ಒಂದು ಡಬ್ಬಿ ಸಿಕ್ಕಿಸಿರುತ್ತದೆ. ಅದರ ಅವಧಿ ಮುಗಿದುಹೋಗಿತ್ತು. ಹೊಸದು ಬರುತ್ತದೆ, ಬರುತ್ತದೆ ಎಂದು ಮೇಲಿನವರು ಹೇಳುತ್ತಲೇ ಇದ್ದರು. ಅವನು ಒಳಗೆ ಹೋಗಿ ವಾಲ್ವು ಮುಚ್ಚಿದ. ತಿರುಗಿ ಬರುವಾಗ ಕುಸಿದ. ತಮ್ಮ ಹಗ್ಗ ಜಗ್ಗಿದ, ಉತ್ತರವಿಲ್ಲ. ಎಳೆದರೆ ಹಗ್ಗ ಯಾವುದೋ ಸಿಲಿಂಡರಿನ ಬುಡಕ್ಕೆ ಸಿಕ್ಕಿಕೊಂಡಿದೆ. ಅಷ್ಟು ಹೊತ್ತಿಗೆ ಬೇಲಿಯಾಚೆ ರಸ್ತೆಯಲ್ಲಿ ಜನ ಸೇರಿದ್ದರು. "ಏಯ್, ನಿಂತ್ಕೊಂಡು ಏನು ನೋಡ್ತೀಯ, ಒಳಗೆ ಹೋಗಯ್ಯಾ!" ಎಂದು ಕೂಗಿದರು. ತಮ್ಮ ಹೋಗಲಿಲ್ಲ. ಹಗ್ಗ ಬಿಡಿಸಿಕೊಳ್ಳುವವರೆಗೆ ಹೆಣಗಿ, ಎಳೆದು, ಹೊರಗೆ ತಂದ. ತಡಿಯಪ್ಪನಿಗೆ ಆಗ ಇನ್ನೂ ಉಸಿರಿತ್ತು. ಆಸ್ಪತ್ರೆ ಸೇರುವಷ್ಟರಲ್ಲಿ ಎಚ್ಚರ ತಪ್ಪಿತ್ತು, ಮಾರನೆಯ ದಿನ ಅಲ್ಲೇ ತೀರಿಕೊಂಡ.

ಇದಕ್ಕೆ ಮಂತ್ರಿಗಳ ಬಾಯಲ್ಲಿ ಬಂದದ್ದು, ಎಲ್ಲರೂ ಹಿಂದೆ ಸರಿದಾಗ, ಒಂದು ಕ್ಷಣವೂ ತಡಮಾಡದೆ. ತಡಿಯಪ್ಪ, ತಡಮಾಡದೆ! ಅವನು ಬದುಕಿದ್ದು ಇದನ್ನು ಕೇಳಿದ್ದರೆ ಪಕ್ಕದವರನ್ನು ತಿವಿದು "ಯಾರ ಬಗ್ಗೆ ಹೇಳ್ತಿದ್ದಾರೆ?" ಎಂದು ಕೇಳುತ್ತಿದ್ದ. "ತನ್ನ ಉಸಿರನ್ನೇ ಊರಿಗೆ ಉಡುಗೊರೆಯಾಗಿ ಕೊಟ್ಟ" ಎಂದೂ ಅಂದರು. ಒಂದು ಡಬ್ಬಿ ತಂದುಕೊಟ್ಟಿದ್ದರೆ ಯಾರೂ ಯಾರಿಗೂ ಉಡುಗೊರೆ ಕೊಡಬೇಕಾಗಿರಲಿಲ್ಲ.

ಮಾತು ಅಲ್ಲಿಗೇ ಸತ್ತಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ದೊಡ್ಡವರ ಭಾಷಣವನ್ನು ಮನೆಗೆ ತರುವವರು ಯಾರು? ಆದರೆ ಈ ಸಾಲಿಗೆ ಕಾಲು ಮೂಡಿತು. ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬಂತು. ನಾನು ಓದು ಕಲಿತದ್ದು ತಡವಾಗಿ, ಹಾಗಾಗಿ ಒಂದೊಂದು ಪದವನ್ನೂ ನಿಲ್ಲಿಸಿ, ಮುಟ್ಟಿ ನೋಡಿ ಮುಂದೆ ಹೋಗುವ ಅಭ್ಯಾಸ. 'ಎಲ್ಲರೂ' ಎಂಬ ಪದದ ಮೇಲೆ ನನ್ನ ಬೆರಳು ನಿಂತಿತು. ಯಾರಪ್ಪ ಈ ಎಲ್ಲರೂ? ಕೋಣೆಯ ಬಾಗಿಲಲ್ಲಿ ಇದ್ದವನು ಒಬ್ಬನೇ.

ನನಗೆ ಹೊಳೆದದ್ದು ಊರಿಗೂ ಹೊಳೆಯಿತು. ತಮ್ಮ ಚಹದ ಅಂಗಡಿಗೆ ಹೋದರೆ ಕೂತವರು ಮಾತು ನಿಲ್ಲಿಸತೊಡಗಿದರು. ಕ್ಷೌರದ ಅಂಗಡಿಯಲ್ಲಿ ಒಬ್ಬ, "ದಾರಿ ಬಿಡ್ರಪ್ಪಾ, ಅವರಿಗೆ ಹಿಂದೆ ಸರಿಯೋಕೆ ಜಾಗ ಬೇಕು" ಅಂದನಂತೆ. ಗಡ್ಡ ಅರ್ಧ ಬೋಳಿಸಿಕೊಂಡಿದ್ದ ತಮ್ಮ ಹಾಗೇ ಎದ್ದು ಬಂದ. ಉಳಿದರ್ಧವನ್ನು ಮನೆಯಲ್ಲಿ ಕನ್ನಡಿ ಮುಂದೆ ನಿಂತು, ಆ ಪಟ್ಟಿ ಕಟ್ಟಿದ ಕೈಯಲ್ಲಿ, ಎರಡು ಕಡೆ ಗಾಯ ಮಾಡಿಕೊಂಡು ಬೋಳಿಸಿಕೊಂಡ.

"ಬಾಯಿಗೆ ಬಂದದ್ದು ಆಡ್ತಾರೆ, ಬಿಡೋ" ಅಂದೆ.

"ಅವರ ಮಾತು ಹಾಳಾಗಿ ಹೋಗ್ಲಿ ಅಕ್ಕಾ," ಅಂದ ತಮ್ಮ. "ಅತ್ತಿಗೆ ಏನು ಅಂದ್ಕೊಂಡಿದ್ದಾರೆ ಅನ್ನೋದೊಂದೇ ನನಗೆ ಚಿಂತೆ."

ಅತ್ತಿಗೆ ಅಂದರೆ ತಡಿಯಪ್ಪನ ಹೆಂಡತಿ. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವವಳು. ಸೂಜಿಗಿಂತ ನಾಲಿಗೆ ಚೂಪು. ಆಸ್ಪತ್ರೆಯಲ್ಲಿ ತಮ್ಮನ ಸುಲಿದ ಅಂಗೈ ಹಿಡಿದುಕೊಂಡು, "ನೀನು ಎಳೆದೆ, ಅವರು ಬಂದ್ರು, ಒಂದು ದಿನವಾದ್ರೂ ನನ್ನ ಹತ್ರ ಇದ್ರು" ಎಂದು ಅತ್ತವಳು. ಆ ಮಾತು ಕೇಳಿಯೇ ತಮ್ಮ ಆ ದಿನಗಳಲ್ಲಿ ಒಂದು ತುತ್ತು ಉಣ್ಣಲು ಸಾಧ್ಯವಾದದ್ದು. ಸಂತಾಪ ಸಭೆಯಾದ ಮೇಲೆ ಅವಳು ಹಿತ್ತಿಲಿಗೆ ಬರುವುದು ಕಡಿಮೆಯಾಯಿತು. ತಂತಿಯ ಮೇಲೆ ತನ್ನ ಬಟ್ಟೆಯನ್ನು ಆ ತುದಿಗೆ ಸರಿಸಿಕೊಂಡಳು. ತಮ್ಮನ ಮುಖದ ಮೇಲೆ ಬಾಗಿಲು ಹಾಕುತ್ತಿರಲಿಲ್ಲ, ಆದರೆ ಅವನು ಕಾಣುವ ಮೊದಲೇ ಅದು ಹಾಕಿರುತ್ತಿತ್ತು.

ನಾನು ಒಂದು ದಿನ ಅವಳ ಹೊಲಿಗೆ ಯಂತ್ರದ ಪಕ್ಕ ಹೋಗಿ ಕೂತೆ. ಮಂತ್ರಿಗಳ ಮಾತನ್ನು ನಂಬಿದ್ದೀಯಾ ಎಂದು ನೇರ ಕೇಳಿದೆ.

ಅವಳು ಕಾಲು ನಿಲ್ಲಿಸದೆ ಹೇಳಿದಳು: "ಅಕ್ಕಾ, ಅವರು ಹೇಳಿದ್ದು ಸುಳ್ಳು ಅಂತ ನಂಗೂ ಗೊತ್ತು. ಧೀರ ಅಂತೆ, ಧೀರ. ಮನೇಲಿ ಇಲಿ ಕಂಡ್ರೆ ಕುರ್ಚಿ ಹತ್ತೋ ಮನುಷ್ಯ. ಸುಳ್ಳು ಅಂತ ಗೊತ್ತಿದ್ರೂ ದಿನಾ ಯಾರಾದ್ರೊಬ್ಬರು ಬಂದು ಅದನ್ನೇ ಹೇಳ್ತಾರೆ. ಕೇಳಿ ಕೇಳಿ ಸ್ವಲ್ಪ ಸ್ವಲ್ಪ ನಿಜ ಆಗ್ತಾ ಬರುತ್ತೆ. ರಾತ್ರಿ ಮಧ್ಯೆ ಎಚ್ಚರ ಆದ್ರೆ ಅನ್ಸುತ್ತೆ, ನಿಮ್ಮ ತಮ್ಮ ಒಂದು ಹೆಜ್ಜೆ ಒಳಗೆ ಇಟ್ಟಿದ್ರೆ? ಒಂದೇ ಹೆಜ್ಜೆ?"

"ಇಟ್ಟಿದ್ದರೆ ನಾನೂ ಇಲ್ಲಿ ನಿನ್ನ ಹಾಗೆ ಕೂತಿರ್ತಿದ್ದೆ."

"ಅದೂ ಗೊತ್ತು," ಅಂದಳು. ಯಂತ್ರ ಓಡುತ್ತಲೇ ಇತ್ತು. "ಗೊತ್ತಿರೋದ್ರಿಂದ ಏನೂ ಆಗಲ್ಲ ಅಕ್ಕಾ."

ಇದನ್ನು ತಮ್ಮನಿಗೆ ನಾನು ಹೇಳಲಿಲ್ಲ. ನೀನೇ ಹೋಗಿ ಮಾತಾಡು ಎಂದಷ್ಟೇ ಅಂದೆ. ಅವನು ತಲೆ ಅಲ್ಲಾಡಿಸಿದ. "ಏನಂತ ಹೇಳಲಿ? ನಾನು ಹಿಂದೆ ಸರೀಲಿಲ್ಲ ಅಂತಾನಾ? ಹಾಗೆ ಹೇಳ್ಕೊಂಡು ಬರೋನನ್ನ ನೀನಾದ್ರೂ ನಂಬ್ತೀಯಾ?"

ಅಷ್ಟರಲ್ಲಿ ಎಂಜಿನಿಯರ್ ಸಾಹೇಬರು ಸಿಹಿಸುದ್ದಿ ಎಂದು ಒಂದು ಸುದ್ದಿ ತಂದರು. ಪಂಪ್‌ಹೌಸಿಗೆ ತಡಿಯಪ್ಪನ ಹೆಸರು ಇಡುತ್ತಾರಂತೆ. ಕ್ಲೋರಿನ್ ಕೋಣೆಯ ಬಾಗಿಲ ಪಕ್ಕ ಒಂದು ಕಲ್ಲು ನಿಲ್ಲಿಸಿ, ಅದರ ಮೇಲೆ ಮಂತ್ರಿಗಳ ಮಾತನ್ನು ಕೆತ್ತಿಸುತ್ತಾರಂತೆ. ಯಾವ ಮಾತು ಎಂದು ಕೇಳಬೇಕಾಗಿಯೇ ಇರಲಿಲ್ಲ. ತಮ್ಮ ದಿನಾ ಬೆಳಿಗ್ಗೆ ಕೀಲಿ ತೆಗೆಯುವ ಬಾಗಿಲು ಅದು.

"ಹೊಸ ಡಬ್ಬಿ ಬಂತಾ ಸಾರ್?" ಎಂದು ತಮ್ಮ ಕೇಳಿದ.

"ಬರುತ್ತೆ, ಬರುತ್ತೆ. ಮೊದಲು ಇದೊಂದು ಕಾರ್ಯಕ್ರಮ ಚೆನ್ನಾಗಿ ಆಗ್ಲಿ," ಅಂದರು ಸಾಹೇಬರು.

ಮಾರನೆಯ ದಿನ ನಾನು ಮಂತ್ರಿಗಳ ಕಚೇರಿಗೆ ಹೋದೆ. ತಮ್ಮನಿಗೆ ಹೇಳಿದ್ದರೆ ಬಿಡುತ್ತಿರಲಿಲ್ಲ; ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದೆ. ಹೊರಗಿನ ಕೋಣೆಯಲ್ಲಿ ಒಬ್ಬರು ಹೆಸರು ಬರೆದುಕೊಂಡರು, ಒಳಗಿನ ಕೋಣೆಯಲ್ಲಿ ಇನ್ನೊಬ್ಬರು ಅದೇ ಹೆಸರನ್ನು ಮತ್ತೆ ಬರೆದುಕೊಂಡರು. ಬೆಂಚು ಗಟ್ಟಿಯಾಗಿತ್ತು, ನನ್ನ ತಾಳ್ಮೆಯೂ ಹಾಗೇ ಇತ್ತು. ಎದುರಿಗಿದ್ದವರೆಲ್ಲ ಊಟಕ್ಕೆ ಎದ್ದು ಹೋಗಿ, ಊಟ ಮುಗಿಸಿ ಬಂದು, ನನ್ನನ್ನು ಅಲ್ಲೇ ಕಂಡು ಬೇಸರಪಟ್ಟು, ಕೊನೆಗೆ ಒಂದು ಸಣ್ಣ ಕೋಣೆಗೆ ಕಳಿಸಿದರು. ಕನ್ನಡಕ ಹಣೆಗೇರಿಸಿಕೊಂಡಿದ್ದ ಸಣಕಲು ಮನುಷ್ಯ ಕೂತಿದ್ದ. ಮೇಜಿನ ಮೇಲೆ ಮಂತ್ರಿಗಳ ಗಂಟಲಿಗೆ ಬೇಕಾದ ಮಾತ್ರೆಗಳ ದೊಡ್ಡ ಶೀಷೆ.

"ಮಂತ್ರಿಗಳು ಪ್ರವಾಸದಲ್ಲಿದ್ದಾರೆ ಅಮ್ಮಾ."

"ನನಗೆ ಅವರು ಬೇಡ ಸ್ವಾಮಿ. ಅವರ ಭಾಷಣ ಬರೆಯುವವರು ಬೇಕು."

ಅವನು ಬಾಗಿಲ ಕಡೆ ನೋಡಿದ. "ಭಾಷಣ ಅವರೇ ಬರ್ಕೊಳ್ತಾರೆ."

"ಸರಿ. ಅವರು ಬರೆದುಕೊಂಡದ್ದನ್ನ ಅವರಿಗೆ ಮೊದಲ ಸಲ ಓದಿ ಹೇಳುವವರು ಬೇಕು."

ಅವನಿಗೆ ನಗು ತಡೆಯಲಾಗಲಿಲ್ಲ. "ಕೂತ್ಕೊಳ್ಳಿ. ಅದು ನಾನೇ."

ಪತ್ರಿಕೆಯನ್ನು ಬಿಡಿಸಿ ಇಟ್ಟೆ. "ಎಲ್ಲರೂ ಹಿಂದೆ ಸರಿದಾಗ ಅಂತ ಇದೆಯಲ್ಲ, ಈ ಎಲ್ಲರೂ ಯಾರು?"

"ಯಾರೂ ಅಲ್ಲ ಅಮ್ಮಾ. ಅದು ಮಾತಿನ ಓಘಕ್ಕೆ."

"ಬಾಗಿಲಲ್ಲಿ ಇದ್ದದ್ದು ನನ್ನ ತಮ್ಮ ಒಬ್ಬನೇ. ನೀವು ಎಲ್ಲರೂ ಅಂದರೆ ಊರು ಅವನ ಮುಖ ನೋಡುತ್ತೆ."

ಅವನು ಕನ್ನಡಕ ಇಳಿಸಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಧಾಟಿಯಲ್ಲಿ ಶುರುಮಾಡಿದ. "ನೋಡಿ, ಒಬ್ಬರನ್ನ ಎತ್ತರ ಮಾಡಬೇಕಾದ್ರೆ ಪಕ್ಕದಲ್ಲಿ ಯಾರನ್ನಾದ್ರೂ ಕುಳ್ಳಗೆ ನಿಲ್ಲಿಸ್ಬೇಕು. ಇಲ್ಲಾಂದ್ರೆ ಹಿಂದಿನ ಸಾಲಿನಲ್ಲಿ ಕೂತವರಿಗೆ ಕಾಣಲ್ಲ. ಸೇತುವೆ ಕಾವಲಿನವರು ಹೋದಾಗಲೂ ಇದೇ ಸಾಲು. ಅಗ್ನಿಶಾಮಕದ ಡ್ರೈವರ್ ಹೋದಾಗಲೂ ಇದೇ. ಜ್ವರದ ವಾರ್ಡಿನ ನರ್ಸಮ್ಮನಿಗೂ ಇದೇ ಹಾಕಿದ್ವಿ. ಇಲ್ಲಿವರೆಗೆ ಯಾರೂ ಬೇಜಾರು ಮಾಡ್ಕೊಂಡಿಲ್ಲ."

"ಬೇಜಾರಾದವರು ಇಲ್ಲಿವರೆಗೆ ಬಂದಿಲ್ಲ ಅನ್ನಿ."

ಅವನು ಪೆನ್ನು ತಿರುಗಿಸಿದ. "ಒಂದು ಕೆಲಸ ಮಾಡೋಣ. 'ಎಲ್ಲರೂ' ತೆಗೆದು 'ಹಲವರು' ಅಂತ ಮಾಡ್ತೀನಿ."

"ಇದ್ದವನು ಒಬ್ಬ. ಅವನನ್ನ ಹಲವರು ಮಾಡಿದರೆ ನನಗೇನು ಲಾಭ?"

"'ಕೆಲವರು'?"

"ಸ್ವಾಮಿ, ಸಾಲು ಪೂರ್ತಿ ತೆಗೀರಿ. ಅವನು ಹುಷಾರಿನ ಮನುಷ್ಯ ಆಗಿದ್ದ, ಇಷ್ಟು ವರ್ಷ ಒಂದೂ ಅಪಘಾತ ಆಗೋಕೆ ಬಿಟ್ಟಿರಲಿಲ್ಲ ಅಂತ ಬರೀರಿ. ಮಾಸ್ಕಿನ ಡಬ್ಬಿ ಹಳೇದಾಗಿತ್ತು ಅಂತ ಬರೀರಿ."

"ಡಬ್ಬಿನಾ?" ಅವನಿಗೆ ನಿಜವಾಗಿಯೂ ನೋವಾದ ಹಾಗೆ ಕಂಡಿತು. "ಅಮ್ಮಾ, ಶ್ರದ್ಧಾಂಜಲಿಯಲ್ಲಿ ಸಾಮಾನಿನ ವಿಷಯ ತರಬಾರದು. ಶೋಕದ ಗಾಂಭೀರ್ಯ ಹೋಗಿಬಿಡುತ್ತೆ. ಇನ್ನು ಹುಷಾರಿನ ಮನುಷ್ಯ ಅಂದ್ರೆ, ಅದಕ್ಕೆ ಯಾರು ಚಪ್ಪಾಳೆ ತಟ್ತಾರೆ ಹೇಳಿ?"

ನಾನು ಕದಲಲಿಲ್ಲ. ಅವನು ಫೋನಿನಲ್ಲಿ ಮಾತಾಡಿದ, ಕಾಗದ ಜೋಡಿಸಿದ, ಕಿಟಕಿ ಮುಚ್ಚಿದ. ನಾನು ಕೂತೇ ಇದ್ದೆ. ಕೊನೆಗೆ ಅವನೇ ಸೋತು, ಕಾರ್ಯಕ್ರಮದ ಭಾಷಣದ ಕರಡು ತೆಗೆದು, ನನ್ನ ಕಣ್ಣೆದುರಿಗೇ ಆ ಸಾಲಿನ ಮೇಲೆ ಗೆರೆ ಎಳೆದ. "ಆಯ್ತಾ? ಭಾಷಣದಿಂದ ತೆಗೆದೆ. ಕಲ್ಲಿನದು ನನ್ನ ಕೈಯಲ್ಲಿಲ್ಲ, ಕೆತ್ತನೆಗೆ ಹೋಗಿಯಾಗಿದೆ. ನಿಮ್ಮ ತಮ್ಮನ ವಿಷಯ ಒಳ್ಳೇದಾಗೋ ಹಾಗೆ ನಾನು ಒಂದೆರಡು ಮಾತು ಸೇರಿಸ್ತೀನಿ. ನೆಮ್ಮದಿಯಾಗಿ ಹೋಗಿ ಬನ್ನಿ."

ಒಂದೆರಡು ಮಾತು ಎಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಕೂತು ಕೂತು ಸೊಂಟ ಹಿಡಿದುಹೋಗಿತ್ತು. ಸಿಕ್ಕಿದ್ದೇ ಸಾಕು ಎಂದು ಎದ್ದು ಬಂದೆ.

ಕಾರ್ಯಕ್ರಮದ ದಿನ ಪಂಪ್‌ಹೌಸಿನ ಅಂಗಳಕ್ಕೆ ಸುಣ್ಣ ಬಳಿದಿದ್ದರು. ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ಪೈಪಿಗೂ ಬಣ್ಣ ಹೊಡೆದಿದ್ದರು. ಅದು ಬಣ್ಣದ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಶಾಲೆಯ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ಕೂರಿಸಿದ್ದರು. ಕ್ಲೋರಿನ್ ಕೋಣೆಯ ಬಾಗಿಲ ಪಕ್ಕ ಕಲ್ಲು, ಅದರ ಮೇಲೆ ನೀಲಿ ಬಟ್ಟೆ, ಬಟ್ಟೆಗೆ ಒಂದು ದಾರ. ದಾರ ಎಳೆಯಬೇಕಾದವಳು ತಡಿಯಪ್ಪನ ಹೆಂಡತಿ. ಅವಳನ್ನು ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂರಿಸಿದ್ದರು. ತಮ್ಮನಿಗೂ ವೇದಿಕೆಯ ಮೇಲೆ ಬಾ ಎಂದಿದ್ದರು. ಅವನು ಕೆಳಗೆ ನನ್ನ ಪಕ್ಕವೇ ಕೂತಿದ್ದ.

"ಏನೋ ಪ್ರಶಂಸಾಪತ್ರ ಅಂತೆ ನಂಗೆ. ನೀನೇನಾದ್ರೂ ಮಾಡಿದ್ಯಾ ಅಕ್ಕಾ?"

"ನಾನೇನು ಮಾಡ್ಲಿ? ಸುಮ್ನೆ ಕೂತ್ಕೋ," ಅಂದೆ.

ಮಂತ್ರಿಗಳು ಬಂದರು. ಬರುವ ಹೊತ್ತಿಗೆ ಮಕ್ಕಳ ತಲೆಗಳು ಬಾಡಿದ ಗಿಡದ ಹಾಗೆ ಜೋತುಬಿದ್ದಿದ್ದವು. ಭಾಷಣ ಶುರುವಾಯಿತು. ಎಲ್ಲರೂ ಹಿಂದೆ ಸರಿದಾಗ ಎಂಬುದು ಬರಲಿಲ್ಲ. ಭಾಷಣ ಬರೆಯುವವನು ಮಾತಿಗೆ ತಪ್ಪಲಿಲ್ಲ ಎಂದು ನಾನು ಉಸಿರು ಬಿಟ್ಟೆ. ಬಿಟ್ಟ ಉಸಿರು ಇನ್ನೂ ಹೊರಗೇ ಇತ್ತು, ಅಷ್ಟರಲ್ಲಿ ಮಂತ್ರಿಗಳು ಕಾಗದ ತಿರುಗಿಸಿ, ಕೈ ಎತ್ತಿ, ನಮ್ಮ ಕಡೆ ತೋರಿಸಿದರು.

"ಗೆಳೆಯ ಒಳಗೆ ಬಿದ್ದಿದ್ದಾನೆ! ಸುತ್ತ ವಿಷ! ಜೀವದ ಹಂಗು ತೊರೆದು, ಹೊಸ್ತಿಲು ದಾಟಿ, ಆ ವಿಷದ ಕೋಣೆಗೆ ನುಗ್ಗಿ, ಗೆಳೆಯನನ್ನು ಹೆಗಲ ಮೇಲೆ ಹೊತ್ತು ತಂದ ಇನ್ನೊಬ್ಬ ಧೀರ ನಮ್ಮ ನಡುವೆಯೇ ಇದ್ದಾನೆ! ಬಾ ಸೋದರಾ, ವೇದಿಕೆಗೆ ಬಾ!"

ಹಿಂದೆ ಕಲ್ಲಿನ ಮೇಲೆ ಎಲ್ಲರೂ ಹಿಂದೆ ಸರಿದಿದ್ದಾರೆ. ಮುಂದೆ ಮೈಕಿನಲ್ಲಿ ಒಬ್ಬ ಒಳಗೆ ನುಗ್ಗಿದ್ದಾನೆ. ಎರಡೂ ಹೇಗೆ ನಿಜವಾಗುತ್ತದೆ ಎಂದು ಕೇಳುವವರು ಆ ಅಂಗಳದಲ್ಲಿ ಒಬ್ಬರೂ ಇಲ್ಲ. ಚಪ್ಪಾಳೆ ತಟ್ಟಿದವರಲ್ಲಿ ಕ್ಷೌರದ ಅಂಗಡಿಯಲ್ಲಿ ಕುಟುಕಿದವನೂ ಇದ್ದ.

ತಮ್ಮ ನನ್ನ ಕಡೆ ತಿರುಗಿದ. ಅವನ ಮುಖ ನೋಡಿ, ಕಚೇರಿಗೆ ಹೋಗದೆ ಮನೆಯಲ್ಲಿ ಬಿದ್ದಿರಬಾರದಿತ್ತೇ ಎನ್ನಿಸಿತು. ಎಂಜಿನಿಯರ್ ಸಾಹೇಬರು ಬಂದು ತೋಳು ಹಿಡಿದು ಎಬ್ಬಿಸಿಕೊಂಡು ಹೋದರು. ಮಂತ್ರಿಗಳು ಪ್ರಶಂಸಾಪತ್ರವನ್ನು ಕೈಗೆ ಕೊಟ್ಟು, ಫೋಟೋದವರ ಕಡೆ ತಿರುಗಿಸಿ ನಿಲ್ಲಿಸಿದರು. ಮೈಕು ಅವನ ಗಲ್ಲದ ಹತ್ತಿರವೇ ಇತ್ತು.

"ನಾನು ಒಳಗೆ ಹೋಗಿಲ್ಲ," ಅಂದ ತಮ್ಮ.

ಮೈಕು ಕೀರೆಂದಿತು. ತಡಿಯಪ್ಪನ ಹೆಂಡತಿ ತಲೆ ಎತ್ತಿದಳು.

"ನಾನು ಬಾಗಿಲಲ್ಲಿ ನಿಂತಿದ್ದೆ. ಹಗ್ಗ ಹಿಡ್ಕೊಂಡಿದ್ದೆ. ಹಗ್ಗ ಹಿಡಿದವನು ಒಳಗೆ ಹೋಗಬಾರದು, ಹೋಗದೆ ಇರೋದೇ ಅವನ ಕೆಲಸ. ನನಗೆ ಅದನ್ನ ಕಲಿಸಿದ್ದು ತಡಿಯಪ್ಪಣ್ಣನೇ. ಹೊತ್ತು ತಂದಿಲ್ಲ, ಎಳೆದು ತಂದಿದ್ದು. ಮಾಸ್ಕಿನ ಡಬ್ಬಿ ಹಳೇದು, ಇವತ್ತಿಗೂ ಹೊಸದು ಬ..."

ಮಂತ್ರಿಗಳ ಕೈ ಅವನ ಭುಜದ ಮೇಲೆ ಬಿತ್ತು. ಇನ್ನೊಂದು ಕೈ ಮೈಕನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಿತು. ಅವರ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು, ನಾನೇ ನೋಡಿದೆ.

"ಕೇಳಿದಿರಾ ಬಂಧುಗಳೇ!" ಅಂದರು. "ಇದಕ್ಕೆ ವಿನಯ ಅಂತಾರೆ! ಮಾಡಿದ್ದನ್ನೂ ಮಾಡಿಲ್ಲ ಅನ್ನುವ ದೊಡ್ಡತನ! ಮಕ್ಕಳೇ, ನೋಡಿ ಕಲಿಯಿರಿ!"

ಅಂಗಳ ಅದುರುವ ಹಾಗೆ ಚಪ್ಪಾಳೆ. ತಮ್ಮ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಬಾಯಿ ತೆರೆದ ಪ್ರತಿ ಸಲವೂ ಜನರಿಗೆ ಅವನ ವಿನಯ ಹೆಚ್ಚುತ್ತಿರುವ ಹಾಗೆ ಕಂಡಿತು. ಅಷ್ಟು ಜನರ ಎದುರಿಗೆ ನಿಜ ಹೇಳಿ ಸುಳ್ಳುಗಾರನಾದವನನ್ನು ನಾನು ನೋಡಿದ್ದು ಅದೇ ಮೊದಲು.

"ಈಗ ವೀರಪತ್ನಿಯವರು ಅನಾವರಣ ಮಾಡಬೇಕು" ಎಂದು ಯಾರೋ ಕೂಗಿದರು. ಕೊನೆಯ ಕುರ್ಚಿ ಖಾಲಿಯಾಗಿತ್ತು. ಅವಳು ವೇದಿಕೆಯ ಹಿಂದಿನ ಮೆಟ್ಟಿಲು ಇಳಿದು, ತೊಟ್ಟಿಕ್ಕುವ ಪೈಪು ದಾಟಿ, ಗೇಟಿನ ಹತ್ತಿರ ಆಗಲೇ ಸೇರಿದ್ದಳು. "ದುಃಖ ತಡೆಯಲಾರದೆ..." ಎಂದು ಮಂತ್ರಿಗಳು ಅದಕ್ಕೂ ಒಂದು ಸಾಲು ಹೇಳಿ, ದಾರವನ್ನು ತಾವೇ ಎಳೆದರು.

ಸಂಜೆ ತಮ್ಮ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ದಾರಿಯಲ್ಲಿ ಬರುವಾಗ ಊರು ಅವನಿಗೆ ಕೈಮುಗಿದಿತ್ತು. ಚಹದ ಅಂಗಡಿಯವನು ಓಡಿ ಬಂದು ಲೋಟ ಹಿಡಿದಿದ್ದ. "ಹೋದವಾರ ಹೇಡಿ, ಈ ವಾರ ಧೀರ. ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ಗೊತ್ತಾಗ್ತಿಲ್ಲ ಅಕ್ಕಾ" ಅಂದ. ನಾನು ಕಚೇರಿಗೆ ಹೋದದ್ದನ್ನು ಆಗ ಹೇಳಿದೆ. ಅವನು ಬೈಯಲಿಲ್ಲ. "ನೀನಾದ್ರೂ ಹೋದ್ಯಲ್ಲ" ಅಂದ, ಅಷ್ಟೇ.

ತನ್ನ ಹಿತ್ತಿಲ ಬಾಗಿಲು ದೂಡಿಕೊಂಡು ತಡಿಯಪ್ಪನ ಹೆಂಡತಿ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ನನ್ನನ್ನು ದಾಟಿ ಹೋಗಿ ತಮ್ಮನ ಎದುರು ನಿಂತಳು.

"ಏನಪ್ಪಾ, ಅಷ್ಟು ಜನರ ಮುಂದೆ ಒಳಗೆ ಹೋಗಿಲ್ಲ ಅಂತ ಹೇಳೋಕೆ ಬಾಯಿ ಬರುತ್ತೆ. ಒಂದು ಗೋಡೆ ದಾಟಿ ಬಂದು ನಂಗೆ ಹೇಳೋಕೆ ಆಗಲ್ವಾ ನಿಂಗೆ?"

"ನೀವು ಕೇಳಲಿಲ್ಲ ಅತ್ತಿಗೆ."

"ಈಗ ಕೇಳ್ತಿದ್ದೀನಿ. ಮೊದಲಿಂದ ಹೇಳು. ವೀರ ಗೀರ ಒಂದೂ ಬೇಡ."

ನ್ಯಾಯ ಕೇಳುವವಳ ಹಾಗೆ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟಳು. ತಮ್ಮ ಹೇಳತೊಡಗಿದ. ವಾಸನೆ ಮೊದಲು ಬಂದದ್ದು ಯಾರಿಗೆ, ಹೇಗೆ ಇಬ್ಬರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಕರವಸ್ತ್ರ ಹಿಡಿದು ನೋಡಿದರು, ತಡಿಯಪ್ಪ ಮಾಸ್ಕ್ ಹಾಕಿ, ತೆಗೆದು, ಡಬ್ಬಿ ಅಲ್ಲಾಡಿಸಿ, ಮತ್ತೆ ಹಾಕಿದ. "'ಹೋಗಲೋ ಬೇಡವೋ' ಅಂದ್ರು. ಹೆದರಿದ್ರು ಅತ್ತಿಗೆ. ಕೈ ನಡುಗ್ತಿತ್ತು, ಗಂಟು ನಾನೇ ಹಾಕ್ದೆ. ಪಕ್ಕದ ಶಾಲೆ ಬಿಟ್ಟಿರಲಿಲ್ಲ, ಅದಕ್ಕೇ ಹೋದ್ರು." ಆಮೇಲೆ ಹಗ್ಗ ಜಗ್ಗಿದ್ದು, ಉತ್ತರ ಬಂದದ್ದು, ಮತ್ತೆ ಬಂದದ್ದು, ಆಮೇಲೆ ಬಾರದೆ ಹೋದದ್ದು. ಹಗ್ಗ ಸಿಕ್ಕಿಕೊಂಡಾಗ ತನ್ನ ಒಂದು ಕಾಲು ಹೊಸ್ತಿಲ ಮೇಲೆ ಹೋದದ್ದು, ಅದನ್ನು ಹಿಂದಕ್ಕೆ ತೆಗೆದದ್ದು. ಅದನ್ನೂ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡಳು, ಆದರೆ ನಿಲ್ಲಿಸು ಎನ್ನಲಿಲ್ಲ.

"ಹೊರಗೆ ಬಂದಾಗ ಎಚ್ಚರ ಇತ್ತಾ?"

"ಇತ್ತು."

"ಏನಾದ್ರೂ ಮಾತಾಡಿದ್ರಾ?"

ತಮ್ಮ ತನ್ನ ಅಂಗೈ ನೋಡಿಕೊಂಡ. ಆಗ ಏನು ಬೇಕಾದರೂ ಹೇಳಬಹುದಿತ್ತು. ನಿಮ್ಮ ಹೆಸರು ಹೇಳಿದರು ಅನ್ನಬಹುದಿತ್ತು; ಸುಖವಾಗಿರಲಿ ಅಂದರು ಅನ್ನಬಹುದಿತ್ತು. ಯಾರಿಗೂ ನಷ್ಟವಿರಲಿಲ್ಲ, ಅವಳಿಗೆ ಸಾಯುವವರೆಗೆ ಒಂದು ಆಸರೆಯಾಗುತ್ತಿತ್ತು. ನನ್ನ ನಾಲಿಗೆಯ ತುದಿಗೇ ಬಂದಿತ್ತು ಅಂಥದೊಂದು ಸಾಲು.

"'ಬಾಗಿಲು ಹಾಕಿದ್ಯಾ' ಅಂತ ಕೇಳಿದ್ರು," ಅಂದ ತಮ್ಮ.

"ಆಮೇಲೆ?"

"ಹಾಕ್ದೆ ಅಂದೆ. 'ಸರಿಯಾಗಿ ನೋಡು' ಅಂದ್ರು. ಅಷ್ಟೇ."

"ನನ್ನ ವಿಷಯ?"

"ಇಲ್ಲ ಅತ್ತಿಗೆ."

ಅವಳು ಅವನನ್ನೇ ದಿಟ್ಟಿಸಿದಳು. ಆಮೇಲೆ ಟೇಪನ್ನು ಕುತ್ತಿಗೆಯಿಂದ ಎಳೆದು ನೆಲಕ್ಕೆ ಎಸೆದಳು.

"ಹಾಳಾದ ಮನುಷ್ಯ!" ಅಂದಳು. "ಬಾಗಿಲಂತೆ! ಸಾಯೋ ಹೊತ್ತಲ್ಲೂ ಬಾಗಿಲು! ಇಷ್ಟು ವರ್ಷ ಬಾಳಿದ್ದಕ್ಕೆ ನಂಗೊಂದು ಮಾತು ಬೇಡ, ಬಾಗಿಲು ಬೇಕು ಅವರಿಗೆ!" ಬೈಯುತ್ತ ಬೈಯುತ್ತ ಅವಳ ದನಿ ಒಡೆಯಿತು. ಬಂದವರೆಲ್ಲ ಧೀರ ಧೀರ ಎನ್ನುತ್ತಿದ್ದ ಅಷ್ಟು ದಿನವೂ ಬಿಗಿಹಿಡಿದಿದ್ದ ಅಳು ಈಗ ಬಂತು. ನಾನು ಬೆನ್ನು ಸವರಲು ಹೋದರೆ ಕೈ ತಳ್ಳಿದಳು.

ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು, ತಮ್ಮನ ಕೈ ಎಳೆದು ತಿರುಗಿಸಿ ನೋಡಿದಳು. ಗಾಯ ಮಾಗಿ ಹೊಸ ಚರ್ಮ ಬಂದಿತ್ತು, ತೆಳ್ಳಗೆ, ಕೆಂಪಗೆ.

"ಅವರೇ ಅದು," ಅಂದಳು. "ಬೇರೆ ಯಾರೂ ಹಾಗೆ ಕೇಳಲ್ಲ. ನಡುಗ್ತಿದ್ದ ಕೈ, ಗಂಟು ನೀನು ಹಾಕಿದ್ದು ಅಂದ್ಯಲ್ಲ, ಅಲ್ಲಿಂದ ಇನ್ನೊಂದು ಸಲ ಹೇಳು. ನಿಧಾನವಾಗಿ ಹೇಳು."

ನಾನು ಚಹಕ್ಕೆ ನೀರಿಡಲು ಒಳಗೆ ಹೋದೆ. ತಮ್ಮ ಮತ್ತೆ ಶುರುಮಾಡಿದ್ದು ಕೇಳಿಸಿತು.